ದಾವೀದನ ಪರಾಕ್ರಮಶಾಲಿಗಳಲ್ಲಿ ಕಡೆಯವನು: ಹಿತ್ತಿಯನಾದ ಊರೀಯನ ಚರಿತ್ರೆ

ಅಣ್ಣಿಗೇರಿಯ ಸುತ್ತಲಿನ ಎರೆಸೀಮೆಯು ಪೂರ್ವದಲ್ಲಿ ಬೆಳ್ವೊಲ ಮುನ್ನೂರು ಎಂದು ಹೆಸರುಗೊಂಡಿತ್ತು. ಈ ಸೀಮೆಯಲ್ಲಿಯೂ ಧಾರವಾಡ ಜಿಲ್ಲೆಯ ಬೇರೆ ಭಾಗಗಳಲ್ಲಿಯೂ ಹಳೇ ಊರುಗಳ ಅಗಸೆಯ ಬಳಿಯಲ್ಲಾಗಲಿ ಗುಡಿಯ ಅಂಗಳದಲ್ಲಾಗಲಿ ವೀರಗಲ್ಲುಗಳು ನಿಂತಿರುವದನ್ನು ನಮ್ಮ ಓದುಗರು ಕಂಡಿರುವರು. ಕೆಳಗಿನ ಅಂಕಣದಲ್ಲಿ ಕಾದಾಡುವ ಮನುಷ್ಯನು, ನಡುವಣ ಅಂಕಣದಲ್ಲಿ ಅವನನ್ನು ಮೇಲಕ್ಕೆ ಒಯ್ಯುವ ಸ್ತ್ರೀಯರು, ಮೇಲಿನ ಅಂಕಣದಲ್ಲಿ ಅವನು ಸೇರಿದ ಲೋಕವು ಕೆತ್ತಲ್ಪಟ್ಟಿರುತ್ತವೆ. ಊರಿನ ದನಗಳನ್ನು ಹೊಡೆದುಕೊಂಡು ಹೋಗುವವರಿಗೆ ಅಡ್ಡನಿಂತು ಸತ್ತವನಿಗೂ, ಊರಿನ ಮೇಲೆ ಬಿದ್ದ ಹಗೆಗಳನ್ನು ತಡೆದು ಸತ್ತವನಿಗೂ ಅವನ ಜನರು ಇಂಥ ಕಲ್ಲನ್ನು ನಿಲ್ಲಿಸುತ್ತಿದ್ದರು. ಈಗ ಎಷ್ಟೋ ಕಲ್ಲುಗಳ ಅಕ್ಷರಗಳು ಸವೆದುಹೋಗಿ, ಅವು ಯಾರ ನೆನಪಿಗಾಗಿ ನಿಂತವೆಂದು ಊರವರೇ ಅರಿಯರು.

ಸತ್ಯವೇದದಲ್ಲಿಯೂ ಅಂಥದೊಂದು ವೀರಗಲ್ಲು ಉಂಟು. ಅದು ಕಲ್ಲಿನಲ್ಲಿ ಅಲ್ಲ, ಗ್ರಂಥದಲ್ಲಿ ಬರೆಯಲ್ಪಟ್ಟದ್ದಾದ್ದರಿಂದ ಅದರ ಅಕ್ಷರಗಳು ಸವೆದಿಲ್ಲ. ಸಮುವೇಲನ ಎರಡನೆಯ ಗ್ರಂಥದ 23ನೆಯ ಅಧ್ಯಾಯದಲ್ಲಿ ಅರಸನಾದ ದಾವೀದನ ಪರಾಕ್ರಮಶಾಲಿಗಳ ಪಟ್ಟಿಯನ್ನು ಓದುತ್ತೇವೆ. ಇವರು ಒಟ್ಟು 37 ಮಂದಿ ಎಂದು ಅಲ್ಲಿ ಲೆಕ್ಕ ಹೇಳಿದೆ. ಈ ಪಟ್ಟಿಯ ಮೊದಲಲ್ಲಿ ಮಹಾಶೂರರಾದ ಮೂವರ ಹೆಸರುಗಳಿವೆ. ಕಟ್ಟಕಡೆಯಲ್ಲಿ ಹಿತ್ತಿಯನಾದ ಊರೀಯನೆಂಬ ಒಂದೇ ಹೆಸರು, ಅವನ ಸಾಹಸವೇನೆಂದು ಒಂದು ಮಾತೂ ಇಲ್ಲದೆ ನಿಂತಿದೆ. ಈ ಕಡೆಯ ಹೆಸರಿನವನ ಚರಿತ್ರೆಯನ್ನು ನಾವು ಈ ತಿಂಗಳು ಧ್ಯಾನಿಸೋಣ. ಪರಾಕ್ರಮಶಾಲಿಯೆಂಬವನು ಎಂಥವನು ಎಂಬದು ಮೊದಲಿನವರ ಸಾಹಸಗಳಿಂದ ತಿಳಿಯುವದಕ್ಕಿಂತಲೂ ಹೆಚ್ಚಾಗಿ ಈ ಕಡೆಯವನ ನಡತೆಯಿಂದ ತಿಳಿದುಬರುತ್ತದೆ.

ಊರೀಯನು ಸೇರಿದ ಆ ಗುಂಪು ಎಲ್ಲಿಂದ ಹುಟ್ಟಿತೆಂಬದನ್ನು ಮೊದಲು ನೋಡತಕ್ಕದ್ದು. ಕ್ರಿಸ್ತನಿಗಿಂತ ಸುಮಾರು 1000 ವರ್ಷಗಳ ಹಿಂದೆ, ದಾವೀದನು ಇನ್ನೂ ಅರಸನಾಗದೆ, ಸೌಲನ ಕೈಗೆ ತಪ್ಪಿಸಿಕೊಂಡು ಅದುಲ್ಲಾಮ್ ಎಂಬ ಗವಿಯನ್ನು ಸೇರಿದಾಗ, ಅವನ ಬಳಿಗೆ ಕೂಡಿಬಂದವರು ರಾಜಕುಮಾರರಲ್ಲ, ದೊಡ್ಡ ದೊಡ್ಡ ಸರದಾರರೂ ಅಲ್ಲ. ಇಕ್ಕಟ್ಟಿನಲ್ಲಿ ಸಿಕ್ಕಿದವರು, ಸಾಲ ತೀರಿಸಲಾರದವರು, ಮನಸ್ಸು ನೊಂದವರು, ಇಂಥವರೇ ಸುಮಾರು 400 ಮಂದಿ ಕೂಡಿದರು. ಮಳೆ ತಪ್ಪಿದ ವರುಷ ಸಾವುಕಾರನ ಬಾಗಿಲಲ್ಲಿ ನಿಂತವರಿಗೆ ಈ ಜನರ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥವರನ್ನೇ ದೇವರು ದಾವೀದನ ಕೈಕೆಳಗೆ ಕೂಡಿಸಿದನು. ಪರಾಕ್ರಮಶಾಲಿಗಳು ಹುಟ್ಟುವಾಗಲೇ ಪರಾಕ್ರಮಶಾಲಿಗಳಾಗಿ ಹುಟ್ಟಲಿಲ್ಲ. ಕಷ್ಟದಲ್ಲಿ ಕೂಡಿ, ಒಬ್ಬರನ್ನೊಬ್ಬರು ಬಿಡದೆ ಇದ್ದದ್ದರಿಂದ ಪರಾಕ್ರಮಶಾಲಿಗಳಾದರು.

ಇವರಲ್ಲಿ ಯಾವ ಗುಣಗಳು ಇದ್ದವು? ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಕೆಲವು ಗುಣಗಳು ಹೇಳಲ್ಪಟ್ಟಿವೆ. ಬೆನ್ಯಾಮೀನನ ಕುಲದವರು ಬಲಗೈಯಿಂದಲೂ ಎಡಗೈಯಿಂದಲೂ ಕವಣೆಯ ಕಲ್ಲನ್ನೂ ಬಾಣವನ್ನೂ ಎಸೆಯಬಲ್ಲವರಾಗಿದ್ದರು. ಇದು ಹುಟ್ಟುಬಲವಲ್ಲ, ದಿನದಿನದ ಅಭ್ಯಾಸದ ಫಲವು. ಗಾದನ ಕುಲದವರು ಸಿಂಹದ ಮುಖದವರೂ ಬೆಟ್ಟದ ಜಿಂಕೆಗಳಂತೆ ಚುರುಕಾದವರೂ ಆಗಿದ್ದರು. ಇಸ್ಸಾಕಾರನ ಕುಲದವರು ಕಾಲದ ಗತಿಯನ್ನು ತಿಳಿದು ಏನು ಮಾಡಬೇಕೆಂದು ಅರಿತವರಾಗಿದ್ದರು. ಜೆಬುಲೋನನ ಕುಲದವರಾದರೋ ಎರಡು ಮನಸ್ಸಿಲ್ಲದವರಾಗಿದ್ದರು. ಕೈಯ ಅಭ್ಯಾಸ, ಕಾಲಿನ ವೇಗ, ತಲೆಯ ವಿವೇಕ ಇವುಗಳ ಜೊತೆಗೆ ಒಂದೇ ಮನಸ್ಸೂ ಎಣಿಸಲ್ಪಟ್ಟದೆ. ಈ ಕಡೆಯ ಗುಣವಿಲ್ಲದಿದ್ದರೆ ಮಿಕ್ಕವುಗಳಿಂದ ಪ್ರಯೋಜನವೇನು? ಎರಡು ಮನಸ್ಸಿನವನ ಕತ್ತಿಯು ಯಾವ ಕಡೆಗೆ ತಿರುಗುವದೋ ಯಾರೂ ಹೇಳಲಾರರು.

ಇನ್ನು ಆ ಮೂವರು ಮುಖ್ಯರಲ್ಲಿ ಇಬ್ಬರ ಕೆಲಸವನ್ನು ನೋಡಿರಿ. ಎಲ್ಲಾಜಾರನು ಇಸ್ರಾಯೇಲ್ಯರು ಹಿಂದೆಗೆದಾಗಲೂ ನಿಂತು, ಕೈ ಸೋತು ಕತ್ತಿಯ ಹಿಡಿಗೆ ಅಂಟಿಕೊಳ್ಳುವ ತನಕ ಹೋರಾಡಿದನು. ಹಗಲೆಲ್ಲ ಜೋಳ ಕೊಯ್ದು ಸಾಯಂಕಾಲ ಕುಡುಗೋಲಿನಿಂದ ಬೆರಳುಗಳನ್ನು ಬಿಡಿಸಿಕೊಳ್ಳಲಾರದ ಕೂಲಿಯವರಿಗೆ ಆ ದಣಿವು ಗೊತ್ತು. ಶಮ್ಮನೆಂಬವನು ಕಾವಲುಮಾಡಿದ್ದು ಕೋಟೆಯನ್ನಲ್ಲ, ಅರಮನೆಯನ್ನಲ್ಲ, ಬೇಳೆಕಾಳು ಬೆಳೆದಿದ್ದ ಒಂದು ಹೊಲವನ್ನು. ಫಿಲಿಷ್ಟಿಯರು ಕೂಡಿ ಬಂದದ್ದರಿಂದ ಜನರೆಲ್ಲರು ಓಡಿಹೋದರು. ಇವನೊಬ್ಬನು ಹೊಲದ ನಡುವೆ ನಿಂತು ಅದನ್ನು ಉಳಿಸಿದನು. ಒಂದು ಹೊಲದ ಕಾಳಿಗಾಗಿ ಪ್ರಾಣವನ್ನು ಒಡ್ಡುವದು ಪಟ್ಟಣದವರಿಗೆ ಹುಚ್ಚುತನವಾಗಿ ತೋರೀತು. ಆದರೆ ಎರೆಭೂಮಿಯಲ್ಲಿ ಕಡಲೆ ಬಿತ್ತಿ ಹಿಂಗಾರಿಯ ಇಬ್ಬನಿಯನ್ನೇ ನೆಚ್ಚಿಕೊಂಡು ಕಾಯುವವರು, ಒಂದು ಹೊಲವೆಂದರೆ ಒಂದು ಮನೆತನದ ಒಂದು ವರುಷದ ಅನ್ನವೆಂದು ಬಲ್ಲರು. ಆ ಹೊಲದಲ್ಲಿ ಯೆಹೋವನು ದೊಡ್ಡ ಜಯವನ್ನು ಉಂಟುಮಾಡಿದನೆಂದು ಗ್ರಂಥವು ಹೇಳುತ್ತದೆ. ದೇವರಿಗೆ ಸಣ್ಣ ಹೊಲವೆಂಬದಿಲ್ಲ.

ಮತ್ತೊಂದು ಸಂಗತಿಯು ಊರೀಯನ ಚರಿತ್ರೆಗೆ ಬಹಳ ಹತ್ತಿರವಾದದ್ದು. ಫಿಲಿಷ್ಟಿಯರ ಠಾಣೆಯು ಬೇತ್ಲೆಹೇಮಿನಲ್ಲಿ ಇದ್ದಾಗ ದಾವೀದನು ಬಾಯಾರಿ, ತನ್ನ ಊರಬಾಗಿಲ ಬಾವಿಯ ನೀರನ್ನು ಆಶಿಸಿದನು. ಅವನು ಯಾರಿಗೂ ಅಪ್ಪಣೆ ಕೊಡಲಿಲ್ಲ. ಆದರೂ ಮೂವರು ಶೂರರು ಹಗೆಗಳ ಪಾಳೆಯದೊಳಗೆ ನುಗ್ಗಿ ಹೋಗಿ ಆ ನೀರನ್ನು ಸೇದಿ ತಂದರು. ದಾವೀದನು ಅದನ್ನು ಕುಡಿಯಲಿಲ್ಲ. ಪ್ರಾಣವನ್ನು ಒತ್ತೆಯಿಟ್ಟು ಹೋದವರ ರಕ್ತವೇ ಇದು ಎಂದು ಎಣಿಸಿ, ಯೆಹೋವನಿಗೆ ಅರ್ಪಣೆಯಾಗಿ ನೆಲಕ್ಕೆ ಹೊಯ್ದುಬಿಟ್ಟನು. ತನ್ನ ಜನರ ರಕ್ತವು ಅರಸನ ಬಾಯಾರಿಕೆಗಿಂತ ಬೆಲೆಯುಳ್ಳದ್ದೆಂದು ದಾವೀದನು ಆ ಕಾಲದಲ್ಲಿ ತಿಳಿದವನಾಗಿದ್ದನು. ಈ ಮಾತನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಈಗ ಊರೀಯನ ಕಡೆಗೆ ಬರೋಣ. ಅವನು ಹುಟ್ಟಿನಿಂದ ಇಸ್ರಾಯೇಲ್ಯನಲ್ಲ, ಹಿತ್ತಿಯನು. ಪೂರ್ವದಲ್ಲಿ ಹಿತ್ತಿಯರ ಮಹಾರಾಜ್ಯವು ಈಗಿನ ತುರ್ಕಿ ದೇಶದಲ್ಲಿ ಇತ್ತು. ಹತ್ತೂಷವೆಂಬ ಅವರ ರಾಜಧಾನಿಯು ನೆಲದಲ್ಲಿ ಹೂತುಹೋಗಿದ್ದು, 1906ರಿಂದ ಅಲ್ಲಿ ಅಗಿದ ಪಂಡಿತರಿಗೆ ಸಾವಿರಾರು ಮಣ್ಣಿನ ಬರಹದ ಹಲಗೆಗಳು ದೊರೆತವು. ಆ ರಾಜ್ಯವು ದಾವೀದನ ಕಾಲಕ್ಕಿಂತ ಸುಮಾರು 200 ವರ್ಷ ಮೊದಲೇ ಮುರಿದುಬಿದ್ದಿತ್ತು. ಕಾನಾನ್ ದೇಶದಲ್ಲಿ ಹಿತ್ತಿಯರೆನಿಸಿಕೊಂಡವರು ಅಬ್ರಹಾಮನ ಕಾಲದಲ್ಲಿಯೇ ಇದ್ದರೆಂದು ಸತ್ಯವೇದದಿಂದ ತಿಳಿಯುತ್ತದೆ. ಅಬ್ರಹಾಮನು ಸಾರಳನ್ನು ಹೂಣಿಡುವದಕ್ಕೆ ಮಕ್ಪೇಲದ ಹೊಲವನ್ನೂ ಗವಿಯನ್ನೂ 400 ಶೆಕೆಲ್ ಬೆಳ್ಳಿಗೆ ಕೊಂಡುಕೊಂಡದ್ದು ಹಿತ್ತಿಯನಾದ ಎಫ್ರೋನನಿಂದಲೇ. ಹೀಗೆ ಊರೀಯನ ಕುಲವು ಒಂದು ಕಾಲದಲ್ಲಿ ಹೆಸರುವಾಸಿಯಾದದ್ದಾದರೂ ಅವನ ದಿನಗಳಲ್ಲಿ ಅಂಥವರು ಅನ್ಯರೆನಿಸಿಕೊಂಡು ಇಸ್ರಾಯೇಲ್ಯರ ನಡುವೆ ಬಾಳುತ್ತಿದ್ದರು.

ಆದರೆ ಅವನ ಹೆಸರನ್ನು ನೋಡಿರಿ. ಇಬ್ರಿಯ ಭಾಷೆಯಲ್ಲಿ ಊರೀಯನೆಂಬ ಹೆಸರಿಗೆ ಯೆಹೋವನು ನನ್ನ ಬೆಳಕು ಎಂಬರ್ಥವಿದೆ. ಹಿತ್ತಿಯರ ದೇವತೆಗಳು ಅನೇಕವಿದ್ದರೂ ಇವನು ಇಸ್ರಾಯೇಲಿನ ದೇವರ ಹೆಸರನ್ನು ಹೊತ್ತುಕೊಂಡಿದ್ದನು. ಅವನು ಯಾವ ವರುಷದಲ್ಲಿ ಬಂದನು, ಯಾರ ಮುಖಾಂತರ ನಂಬಿದನು ಎಂಬ ಚರಿತ್ರೆಯನ್ನು ಸತ್ಯವೇದವು ಹೇಳುವದಿಲ್ಲ. ಹೇಳಿರುವದಿಷ್ಟೇ: ಅವನು ಯೆರೂಸಲೇಮಿನಲ್ಲಿ ಅರಮನೆಯ ಹತ್ತಿರ ಮನೆಮಾಡಿದ್ದನು, ಎಲೀಯಾಮನ ಮಗಳಾದ ಬತ್ಷೆಬೆಯನ್ನು ಮದುವೆಯಾಗಿದ್ದನು, ಪರಾಕ್ರಮಶಾಲಿಗಳಲ್ಲಿ ಎಣಿಸಲ್ಪಟ್ಟನು. ಆ ಪಟ್ಟಿಯಲ್ಲಿ ಅವನೊಬ್ಬನೇ ಹೊರಗಿನವನಲ್ಲ. ಅಮ್ಮೋನಿಯನಾದ ಚೆಲೆಕನೆಂಬವನೂ ಇದ್ದನು. ಸ್ವದೇಶದವನಿಗೂ ನಡುವೆ ವಾಸಿಸುವ ಪರದೇಶಿಗೂ ಒಂದೇ ವಿಧಿ ಇರಬೇಕೆಂದು ಮೋಶೆಯ ನಿಯಮದಲ್ಲಿ ಹೇಳಿದ್ದು ದಾವೀದನ ದಂಡಿನಲ್ಲಿ ಸ್ವಲ್ಪ ಮಟ್ಟಿಗಾದರೂ ಕಣ್ಣಿಗೆ ಕಾಣಿಸುತ್ತಿತ್ತು.

ವರುಷಗಳು ಕಳೆದವು. ಗವಿಯಲ್ಲಿದ್ದ ದಾವೀದನು ಈಗ ಅರಮನೆಯಲ್ಲಿದ್ದನು. ಅಮ್ಮೋನಿಯರ ಅರಸನು ದಾವೀದನ ದೂತರ ಗಡ್ಡವನ್ನು ಅರ್ಧ ಬೋಳಿಸಿ ಅವಮಾನಪಡಿಸಿದ್ದರಿಂದ ಯುದ್ಧವು ಹುಟ್ಟಿತ್ತು. ಅರಸರು ದಂಡೆತ್ತಿ ಹೋಗುವ ಕಾಲದಲ್ಲಿ ಸೇನಾಪತಿಯಾದ ಯೋವಾಬನು ಇಸ್ರಾಯೇಲಿನ ದಂಡಿನೊಂದಿಗೆ ಹೊರಟು ರಬ್ಬ ಎಂಬ ಅಮ್ಮೋನಿಯರ ಪಟ್ಟಣಕ್ಕೆ ಮುತ್ತಿಗೆ ಹಾಕಿದನು. ಆ ಸ್ಥಳದಲ್ಲಿಯೇ ಈಗ ಯೋರ್ದಾನ್ ರಾಜ್ಯದ ರಾಜಧಾನಿಯಾದ ಅಮ್ಮಾನ್ ನಗರವಿದೆ. ಯೆರೂಸಲೇಮಿನಿಂದ ಅದು ನೇರವಾಗಿ ಸುಮಾರು 70 ಕಿಲೊಮೀಟರು, ಹೆಚ್ಚುಕಡಿಮೆ ಧಾರವಾಡದಿಂದ ಗದಗಿಗೆ ಇರುವಷ್ಟು ದೂರ. ಆದರೆ ದಾರಿಯು ನಮ್ಮ ಎರೆಬಯಲಿನಂತೆ ಸಮವಲ್ಲ. ಬೆಟ್ಟದಿಂದ ಯೊರ್ದನ್ ಹೊಳೆಯ ಆಳವಾದ ತಗ್ಗಿಗೆ ಇಳಿದು ಮತ್ತೆ ಬೆಟ್ಟವನ್ನು ಏರಬೇಕು. ಊರೀಯನು ಆ ದಂಡಿನೊಂದಿಗೆ ಹೋದನು. ದಾವೀದನು ಮಾತ್ರ ಯೆರೂಸಲೇಮಿನಲ್ಲಿಯೇ ಉಳಿದನು.

ಒಂದು ಸಾಯಂಕಾಲ ಅರಸನು ಹಾಸಿಗೆಯಿಂದ ಎದ್ದು ಮಾಳಿಗೆಯ ಮೇಲೆ ತಿರುಗಾಡುತ್ತಿದ್ದನು. ಆ ದೇಶದ ಮಾಳಿಗೆಗಳು ನಮ್ಮ ಸೀಮೆಯ ಮಣ್ಣಿನ ಮಾಳಿಗೆಗಳಂತೆ ಸಪಾಟಾಗಿದ್ದು, ಒಂದರ ಮೇಲಿಂದ ಮತ್ತೊಂದು ಮನೆಯ ಅಂಗಳವು ಕಾಣುವದುಂಟು. ಅಲ್ಲಿಂದ ಅವನು ಸ್ನಾನ ಮಾಡುತ್ತಿದ್ದ ಒಬ್ಬ ಸ್ತ್ರೀಯನ್ನು ಕಂಡು ವಿಚಾರಿಸಿದನು. ಆಕೆಯು ಊರೀಯನ ಹೆಂಡತಿಯೆಂದು ಅವನಿಗೆ ತಿಳಿಸಲ್ಪಟ್ಟಿತು. ತಿಳಿದ ಮೇಲೆಯೂ ಅವನು ಆಳುಗಳನ್ನು ಕಳುಹಿಸಿ ಆಕೆಯನ್ನು ಕರೆಯಿಸಿಕೊಂಡನು. ಅರಸನ ಆಳುಗಳು ಬಾಗಿಲಿಗೆ ಬಂದಾಗ, ಗಂಡನು ದಂಡಿನಲ್ಲಿರುವ ಒಬ್ಬ ಹೆಣ್ಣುಮಗಳು ಏನು ಮಾಡಬಲ್ಲಳು? ಸತ್ಯವೇದವು ಆ ಪಾಪವನ್ನು ಆಕೆಯ ತಲೆಯ ಮೇಲೆ ಎಲ್ಲಿಯೂ ಹೊರಿಸದೆ ದಾವೀದನ ಮೇಲೆಯೇ ಹೊರಿಸುತ್ತದೆ. ಕೆಲವು ದಿನಗಳಾದ ಮೇಲೆ ಆಕೆಯು ತಾನು ಗರ್ಭಿಣಿಯಾದೆನೆಂದು ಹೇಳಿಕಳುಹಿಸಿದಳು.

ಆಗ ದಾವೀದನು ಮಾಡಿದ ಪಾಪವನ್ನು ದೇವರ ಮುಂದೆ ಅರಿಕೆ ಮಾಡದೆ ಜನರ ಮುಂದೆ ಮುಚ್ಚುವದಕ್ಕೆ ಹೊರಟನು. ಊರೀಯನನ್ನು ರಣರಂಗದಿಂದ ಕರೆಯಿಸಿ, ಯೋವಾಬನ ಕ್ಷೇಮವನ್ನೂ ಜನರ ಕ್ಷೇಮವನ್ನೂ ಯುದ್ಧದ ವರ್ತಮಾನವನ್ನೂ ಕೇಳಿ, ಮನೆಗೆ ಹೋಗಿ ಕಾಲು ತೊಳೆದುಕೊಂಡು ದಣಿವಾರಿಸಿಕೊಳ್ಳಬೇಕೆಂದು ಹೇಳಿದನು. ಅವನ ಹಿಂದೆಯೇ ಅರಮನೆಯಿಂದ ಉಡುಗೊರೆಯೂ ಹೋಯಿತು. ಊರೀಯನು ಮನೆಗೆ ಹೋದರೆ ಹುಟ್ಟುವ ಕೂಸು ಅವನದೇ ಎಂದು ಊರೆಲ್ಲ ನಂಬುವದೆಂಬದು ಅರಸನ ಉಪಾಯ. ಆದರೆ ಊರೀಯನು ಹೋಗಲಿಲ್ಲ. ಅರಮನೆಯ ಬಾಗಿಲಲ್ಲಿ ಆಳುಗಳ ಜೊತೆಯಲ್ಲಿ ಮಲಗಿಕೊಂಡನು.

ಮರುದಿನ ಅರಸನು ಕಾರಣವನ್ನು ಕೇಳಿದಾಗ ಅವನು ಕೊಟ್ಟ ಉತ್ತರದಲ್ಲಿ ಅವನ ಹೃದಯವೆಲ್ಲ ಕಾಣುತ್ತದೆ. ದೇವರ ಮಂಜೂಷವೂ ಇಸ್ರಾಯೇಲ್ಯರೂ ಯೆಹೂದ್ಯರೂ ಗುಡಾರಗಳಲ್ಲಿ ಇರುತ್ತಿರಲು, ಯಜಮಾನನಾದ ಯೋವಾಬನೂ ಅವನ ಆಳುಗಳೂ ಬಯಲಿನಲ್ಲಿ ಇಳಿದುಕೊಂಡಿರಲು, ತಾನೊಬ್ಬನು ಮನೆಗೆ ಹೋಗಿ ಉಂಡು ಕುಡಿದು ಹೆಂಡತಿಯ ಸಂಗಡ ಮಲಗುವದು ಹೇಗೆಂದು ಅವನು ಕೇಳಿ, ಅಂಥ ಕಾರ್ಯವನ್ನು ಮಾಡುವದೇ ಇಲ್ಲವೆಂದು ಆಣೆಯಿಟ್ಟನು. ಅವನು ಮೊದಲು ನೆನಸಿದ್ದು ದೇವರ ಮಂಜೂಷವನ್ನು, ಎರಡನೆಯದಾಗಿ ಜನರನ್ನು, ಮೂರನೆಯದಾಗಿ ಜೊತೆಯ ಆಳುಗಳನ್ನು. ಕಡೆಯಲ್ಲಿ ಮಾತ್ರ ತನ್ನನ್ನು ನೆನಸಿದನು, ಅದೂ ಬೇಡವೆನ್ನುವದಕ್ಕಾಗಿ. ಹಿತ್ತಿಯನೆಂಬ ಹಣೆಪಟ್ಟಿಯಿದ್ದವನು ಇಸ್ರಾಯೇಲಿನ ಮಂಜೂಷವನ್ನು ಇಸ್ರಾಯೇಲಿನ ಅರಸನಿಗೆ ನೆನಪುಮಾಡಿಕೊಟ್ಟನು.

ಇನ್ನೊಂದು ಸೂಕ್ಷ್ಮವೂ ಇಲ್ಲಿ ಉಂಟು. ಯುದ್ಧಕ್ಕೆ ಹೊರಟವರು ತಮ್ಮನ್ನು ಶುದ್ಧವಾಗಿಟ್ಟುಕೊಂಡು ಸ್ತ್ರೀಸಂಗವಿಲ್ಲದೆ ಇರುವದು ದಾವೀದನ ದಂಡಿನ ಹಳೇ ಪದ್ಧತಿಯಾಗಿತ್ತು. ಸೌಲನಿಂದ ಓಡಿಹೋಗುವ ದಿನದಲ್ಲಿ ಯಾಜಕನಾದ ಅಹೀಮೆಲೆಕನಿಂದ ಪರಿಶುದ್ಧ ರೊಟ್ಟಿಗಳನ್ನು ಪಡೆಯುವಾಗ, ತಾನು ದಂಡೆತ್ತಿ ಹೋಗುವಾಗೆಲ್ಲ ತನ್ನ ಆಳುಗಳು ಹೀಗೆಯೇ ನಡೆಯುವರೆಂದು ದಾವೀದನೇ ಸಾಕ್ಷಿ ಹೇಳಿದ್ದನು. ಊರೀಯನು ಮಾಡಿದ್ದು ಹೊಸ ವ್ರತವಲ್ಲ. ತನ್ನ ಅರಸನ ದಂಡಿನಲ್ಲಿ ಮೊದಲಿನಿಂದ ನಡೆದುಬಂದದ್ದನ್ನೇ ಮಾಡಿದನು. ಕಲಿಸಿದ ಗುರುವು ಮರೆತನು, ಕಲಿತ ಶಿಷ್ಯನು ಮರೆಯಲಿಲ್ಲ.

ದಾವೀದನು ಅವನನ್ನು ಇನ್ನೂ ನಿಲ್ಲಿಸಿಕೊಂಡು, ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂಡ್ರಿಸಿ, ಅಮಲೇರುವಷ್ಟು ದ್ರಾಕ್ಷಾರಸವನ್ನು ಕುಡಿಸಿದನು. ಕುಡಿತವು ಎಷ್ಟೋ ಮನುಷ್ಯರ ಬುದ್ಧಿಯನ್ನೂ ಮಾತನ್ನೂ ಕೆಡಿಸಿ ಮನೆಗಳನ್ನು ಹಾಳುಮಾಡುವದೆಂದು ನಮ್ಮ ಊರುಗಳಲ್ಲಿ ಬಲ್ಲದವರಿಲ್ಲ. ಅರಸನು ಅದನ್ನೇ ನೆಚ್ಚಿಕೊಂಡಿದ್ದನು. ಆದರೂ ಆ ರಾತ್ರಿಯೂ ಊರೀಯನು ಮನೆಗೆ ಹೋಗದೆ ಆಳುಗಳ ನಡುವೆ ಮಲಗಿದನು. ಎಚ್ಚರವಿರುವಾಗ ಮಾತ್ರ ಒಳ್ಳೆಯವನಾಗಿರುವದು ಸುಲಭವು. ಮೈಮರೆತಾಗಲೂ ಕಾಲು ಅದೇ ಕಡೆಗೆ ನಡೆಯಬೇಕಾದರೆ ಆ ಗುಣವು ಎಲುಬಿನೊಳಗೆ ಇಳಿದಿರಬೇಕು. ಎಲ್ಲಾಜಾರನ ಕೈ ಕತ್ತಿಗೆ ಅಂಟಿಕೊಂಡಂತೆ ಊರೀಯನ ಮನಸ್ಸು ತನ್ನ ಜೊತೆಗಾರರಿಗೆ ಅಂಟಿಕೊಂಡಿತ್ತು. ಶಮ್ಮನು ಹೊಲವನ್ನು ಕಾದಂತೆ ಇವನು ತನ್ನ ನಂಬಿಗಸ್ತಿಕೆಯನ್ನು ಕಾದನು. ಅವನ ಸಾಹಸವೇನೆಂದು ಪಟ್ಟಿಯು ಹೇಳಲಿಲ್ಲ; ಆ ಬಾಗಿಲ ನೆಲದ ಮೇಲೆ ಮಲಗಿದ್ದೇ ಅವನ ಸಾಹಸವು.

ಆಗ ದಾವೀದನು ಮೊದಲಿನದಕ್ಕಿಂತ ಕೆಟ್ಟದ್ದಾದ ಕಾರ್ಯಕ್ಕೆ ಕೈಹಾಕಿದನು. ಯೋವಾಬನಿಗೆ ಒಂದು ಪತ್ರವನ್ನು ಬರೆದು ಊರೀಯನ ಕೈಯಲ್ಲಿಯೇ ಕಳುಹಿಸಿದನು. ಕಾದಾಟವು ಬಲವಾಗಿರುವ ಸ್ಥಳದಲ್ಲಿ ಇವನನ್ನು ಮುಂದೆ ನಿಲ್ಲಿಸಿ, ಉಳಿದವರು ಹಿಂದೆಗೆದು, ಇವನು ಸಾಯುವಂತೆ ಮಾಡಬೇಕೆಂದು ಅದರಲ್ಲಿ ಬರೆದಿತ್ತು. ತನ್ನ ಮರಣದ ಅಪ್ಪಣೆಯನ್ನು ತಾನೇ ಹೊತ್ತುಕೊಂಡು ಆ ನಂಬಿಗಸ್ತನು ಯೊರ್ದನ್ ಹೊಳೆಯನ್ನು ದಾಟಿ ಬೆಟ್ಟವನ್ನು ಏರಿದನು.

ನಮ್ಮ ನಾಡಿನ ಜನರು ಲಕ್ಷ್ಮೀಶನ ಜೈಮಿನಿ ಭಾರತದಿಂದ ಚಂದ್ರಹಾಸನ ಕಥೆಯನ್ನು ಬಲ್ಲರು. ಅವನೂ ತನ್ನನ್ನು ಕೊಲ್ಲಿಸುವ ಪತ್ರವನ್ನು ತಾನೇ ಹೊತ್ತು ಹೋದನು. ಆದರೆ ಮಂತ್ರಿಯ ಮಗಳು ಅವನು ನಿದ್ರಿಸುವಾಗ ಒಂದಕ್ಷರವನ್ನು ತಿದ್ದಿದ್ದರಿಂದ ವಿಷಕ್ಕೆ ಬದಲಾಗಿ ವಿಷಯೆಯೆಂಬ ಆಕೆಯೊಂದಿಗೆ ಮದುವೆಯೇ ಆಯಿತು. ಕೇಳುವವರ ಮನಸ್ಸಿಗೆ ಅದು ಹಿತವಾದ ಕಥೆಯೇ ಸರಿ. ಊರೀಯನ ಚರಿತ್ರೆಯಲ್ಲಾದರೋ ದಾರಿಯಲ್ಲಿ ಯಾರೂ ಪತ್ರವನ್ನು ತಿದ್ದಲಿಲ್ಲ. ದೇವದೂತನು ಅಡ್ಡಬರಲಿಲ್ಲ. ಒಳ್ಳೆಯವನು ಈ ಲೋಕದಲ್ಲಿ ಯಾವಾಗಲೂ ತಪ್ಪಿಸಿಕೊಳ್ಳುವನೆಂದು ಸತ್ಯವೇದವು ನಮಗೆ ಸುಳ್ಳು ಹೇಳುವದಿಲ್ಲ. ಏನು ಬರೆದಿದೆ ಎಂದು ಅರಿಯದೆ ದೊಡ್ಡವರ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲವನ್ನು ಕಳಕೊಂಡವರ ಮನೆತನಗಳು ನಮ್ಮ ನಡುವೆಯೂ ಉಂಟಲ್ಲವೇ? ಅಂಥವರಿಗೆ ಊರೀಯನು ಅಣ್ಣನಂತೆ ಇದ್ದಾನೆ.

ಯೋವಾಬನು ಪತ್ರವನ್ನು ಓದಿ, ಪಟ್ಟಣದ ಗೋಡೆಯ ಬಳಿಯಲ್ಲಿ ಹಗೆಗಳ ಬಲಿಷ್ಠರು ಇದ್ದ ಸ್ಥಳವನ್ನು ತಿಳಿದು ಅಲ್ಲಿಯೇ ಊರೀಯನನ್ನು ನಿಲ್ಲಿಸಿದನು. ಪಟ್ಟಣದವರು ಹೊರಟುಬಂದು ಕಾದಾಡಿದರು. ಊರೀಯನು ಸತ್ತನು, ಅವನೊಬ್ಬನೇ ಅಲ್ಲ, ಇನ್ನೂ ಕೆಲವರು ಆಳುಗಳು ಸತ್ತರು. ಒಬ್ಬನ ಪಾಪವನ್ನು ಮುಚ್ಚುವದಕ್ಕೆ ಏನೂ ಅರಿಯದವರ ಪ್ರಾಣಗಳೂ ಹೋದವು. ವರ್ತಮಾನವು ಬಂದಾಗ ದಾವೀದನು, ಕತ್ತಿಯು ಇವನನ್ನೂ ಅವನನ್ನೂ ನುಂಗುವದು ಸಹಜವೆಂದು ಯೋವಾಬನಿಗೆ ಧೈರ್ಯ ಹೇಳಿಕಳುಹಿಸಿದನು. ಬೇತ್ಲೆಹೇಮಿನ ನೀರನ್ನು ತನ್ನ ಶೂರರ ರಕ್ತವೆಂದು ಎಣಿಸಿ ಕುಡಿಯಲಾರದೆ ಹೋದವನು, ಈಗ ಅದೇ ಪಟ್ಟಿಯ ಒಬ್ಬನ ರಕ್ತವನ್ನೇ ನೀರಿನಂತೆ ಚೆಲ್ಲಿ ಸುಮ್ಮನಿದ್ದನು. ಗವಿಯಲ್ಲಿ ಬಡವನಾಗಿದ್ದಾಗ ಇದ್ದ ಅಂಜಿಕೆಯು ಅರಮನೆಯಲ್ಲಿ ಸವೆದುಹೋಗಿತ್ತು. ಬತ್ಷೆಬೆಯು ತನ್ನ ಗಂಡನಿಗಾಗಿ ಗೋಳಾಡಿದಳು. ಗೋಳಾಟದ ದಿನಗಳು ತೀರಿದ ಮೇಲೆ ದಾವೀದನು ಆಕೆಯನ್ನು ಅರಮನೆಗೆ ಕರೆಯಿಸಿ ಹೆಂಡತಿಯನ್ನಾಗಿ ಮಾಡಿಕೊಂಡನು.

ಮನುಷ್ಯರ ಲೆಕ್ಕದಲ್ಲಿ ವಿಷಯವು ಅಲ್ಲಿಗೆ ಮುಗಿಯಿತು. ಸತ್ತವನು ಅನ್ಯಕುಲದವನು, ಅವನ ಪಕ್ಷವಾಗಿ ಕೇಳುವವರಾರು? ಆದರೆ ಈ ಕಾರ್ಯವು ಯೆಹೋವನ ದೃಷ್ಟಿಗೆ ಕೆಟ್ಟದ್ದಾಗಿತ್ತು. ಆತನು ಪ್ರವಾದಿಯಾದ ನಾತಾನನನ್ನು ಅರಸನ ಬಳಿಗೆ ಕಳುಹಿಸಿದನು. ನಾತಾನನು ಒಬ್ಬ ಐಶ್ವರ್ಯವಂತನ ವಿಷಯವನ್ನೂ ಒಬ್ಬ ಬಡವನ ವಿಷಯವನ್ನೂ ಹೇಳಿದನು. ಬಡವನಿಗೆ ಇದ್ದದ್ದು ಒಂದೇ ಹೆಣ್ಣು ಕುರಿಮರಿ. ಅದು ಅವನ ತುತ್ತನ್ನು ತಿಂದು, ಅವನ ಪಾತ್ರೆಯಲ್ಲಿ ಕುಡಿದು, ಅವನ ಮಡಲಲ್ಲಿ ಮಲಗಿ ಮಗಳಂತೆ ಬೆಳೆದಿತ್ತು. ಐಶ್ವರ್ಯವಂತನು ತನ್ನ ಮಂದೆಯನ್ನು ಮುಟ್ಟದೆ ಆ ಮರಿಯನ್ನು ಕಿತ್ತುಕೊಂಡು ತನ್ನ ಅತಿಥಿಗೆ ಅಡಿಗೆ ಮಾಡಿಸಿದನು. ದಾವೀದನು ಕೋಪಗೊಂಡು, ಅಂಥವನು ಸಾಯತಕ್ಕವನು, ಒಂದಕ್ಕೆ ನಾಲ್ಕನ್ನು ತೆರತಕ್ಕವನು ಎಂದು ತೀರ್ಪು ಹೇಳಿದನು. ಆಗ ನಾತಾನನು ಆ ಮನುಷ್ಯನು ದಾವೀದನೇ ಎಂದು ಎದುರಿಗೆ ಹೇಳಿ, ಹಿತ್ತಿಯನಾದ ಊರೀಯನ ಹೆಸರನ್ನು ಅರಮನೆಯ ನಡುವೆ ಎತ್ತಿ ಉಚ್ಚರಿಸಿದನು. ಸೇನಾಪತಿಯು ಬಾಯಿ ಮುಚ್ಚಿಕೊಂಡಿದ್ದನು, ಅರಮನೆಯವರು ಬಾಯಿ ಮುಚ್ಚಿಕೊಂಡಿದ್ದರು. ದೇವರು ಬಾಯಿ ಮುಚ್ಚಿಕೊಳ್ಳಲಿಲ್ಲ.

ದಾವೀದನು ತನ್ನ ಪಾಪವನ್ನು ಅರಿಕೆ ಮಾಡಿದನು. 51ನೆಯ ಕೀರ್ತನೆಯ ತಲೆಬರಹವು ಆ ಪ್ರಾರ್ಥನೆಯನ್ನು ಈ ಸಂದರ್ಭಕ್ಕೇ ಸೇರಿಸಿದೆ. ದೇವರು ಅವನನ್ನು ಕ್ಷಮಿಸಿದನು. ಆದರೂ ಬಿತ್ತಿದ ಬೀಜವು ಬೆಳೆಯದೆ ಇರಲಿಲ್ಲ. ಹುಟ್ಟಿದ ಕೂಸು ಏಳನೆಯ ದಿನದಲ್ಲಿ ಸತ್ತಿತು. ಮುಂದೆ ಅವನ ಮಗನಾದ ಅಮ್ನೋನನನ್ನು ಅಣ್ಣತಮ್ಮಂದಿರಲ್ಲಿ ಒಬ್ಬನಾದ ಅಬ್ಷಾಲೋಮನು ಕೊಲ್ಲಿಸಿದನು. ಆ ಅಬ್ಷಾಲೋಮನನ್ನು ಯೋವಾಬನೇ ಕೊಂದನು. ದಾವೀದನು ತೀರಿಹೋದ ಮೇಲೆ ಅದೋನೀಯನೂ ಕತ್ತಿಗೆ ಬಿದ್ದನು. ಕ್ಷಮೆಯೆಂದರೆ ಸತ್ತವನು ಎದ್ದುಬರುವನೆಂದಲ್ಲ, ಗಾಯದ ಕಲೆಯು ಮಾಸುವದೆಂದೂ ಅಲ್ಲ. ಸಭೆಯ ಹಿರಿಯರೂ, ಪಂಚರೂ, ಮನೆಯ ಯಜಮಾನರೂ, ಆಳುಗಳನ್ನು ಇಟ್ಟುಕೊಂಡವರೂ ಇದನ್ನು ಭಯದಿಂದ ಓದತಕ್ಕದ್ದು. ನಮ್ಮ ಕೈಕೆಳಗಿರುವ ಬಡವನ ಪಕ್ಷವಾಗಿ ಕೇಳುವವರು ಯಾರೂ ಇಲ್ಲವೆಂದು ತೋರುವಾಗಲೇ ಕೇಳುವಾತನು ಬಾಗಿಲಲ್ಲಿ ನಿಂತಿದ್ದಾನೆ.

ಸತ್ಯವೇದವು ಊರೀಯನ ಹೆಸರನ್ನು ಅಲ್ಲಿಗೇ ಬಿಡಲಿಲ್ಲ. ಪರಾಕ್ರಮಶಾಲಿಗಳ ಪಟ್ಟಿಯನ್ನು ಬರೆದವನು ಅರಸನ ಮಾನಕ್ಕಾಗಿ ಅದನ್ನು ಅಳಿಸಿಬಿಡಬಹುದಾಗಿತ್ತು. ಅಳಿಸದೆ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಕಟ್ಟಕಡೆಯಲ್ಲಿ ಇಟ್ಟನು. ಆ ಪಟ್ಟಿಯಲ್ಲಿ ಯೋವಾಬನ ತಮ್ಮಂದಿರಿಗೂ ಅವನ ಆಯುಧ ಹೊರುವವನಿಗೂ ಸ್ಥಳವುಂಟು; ಸೇನಾಪತಿಯಾದ ಯೋವಾಬನು ಮಾತ್ರ ಅದರಲ್ಲಿ ಎಣಿಸಲ್ಪಟ್ಟಿಲ್ಲ. ಅರಸುಗಳ ಮೊದಲನೆಯ ಗ್ರಂಥದ 15ನೆಯ ಅಧ್ಯಾಯದಲ್ಲಿ ದಾವೀದನ ಜೀವಮಾನವನ್ನೆಲ್ಲ ಹೊಗಳಿ, ಹಿತ್ತಿಯನಾದ ಊರೀಯನ ಕಾರ್ಯವೊಂದನ್ನು ಬಿಟ್ಟು ಎಂದು ಬರೆದದೆ. ಇನ್ನೂ ಮುಂದೆ ಮತ್ತಾಯನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ, ನಮ್ಮ ಕರ್ತನಾದ ಯೇಸು ಕ್ರಿಸ್ತನ ವಂಶಾವಳಿಯೊಳಗೆ, ಸೊಲೊಮೋನನ ತಾಯಿಯು ಊರೀಯನ ಹೆಂಡತಿಯೆಂದೇ ಹೇಳಲ್ಪಟ್ಟಿದ್ದಾಳೆ. ಸುಮಾರು 1000 ವರ್ಷಗಳಾದ ಮೇಲೆಯೂ ಆ ನಂಬಿಗಸ್ತ ದಂಡಾಳಿನ ಹಕ್ಕನ್ನು ಪವಿತ್ರಾತ್ಮನು ಮರೆಯಲಿಲ್ಲ. ರಕ್ಷಕನ ವಂಶಾವಳಿಯನ್ನು ಓದುವವರೆಲ್ಲರೂ ಊರೀಯನ ಹೆಸರನ್ನು ದಾಟಿಯೇ ಬೇತ್ಲೆಹೇಮಿಗೆ ಹೋಗಬೇಕು.

ಪ್ರಿಯ ಸಹೋದರರೇ, ಸಹೋದರಿಯರೇ, ನಾವು ಕತ್ತಿ ಹಿಡಿಯುವ ದಂಡಾಳುಗಳಲ್ಲ. ಪೇತ್ರನಿಗೆ ಕತ್ತಿಯನ್ನು ಒರೆಯಲ್ಲಿ ಸೇರಿಸೆಂದು ಅಪ್ಪಣೆಕೊಟ್ಟ ಕರ್ತನ ಶಿಷ್ಯರು. ಆದರೂ ಅಪೊಸ್ತಲನಾದ ಪೌಲನು ಎಫೆಸದವರಿಗೆ ಬರೆಯುವಾಗ ಸತ್ಯವನ್ನು ನಡುಕಟ್ಟನ್ನಾಗಿಯೂ ನೀತಿಯನ್ನು ವಜ್ರಕವಚವನ್ನಾಗಿಯೂ ನಂಬಿಕೆಯನ್ನು ಗುರಾಣಿಯನ್ನಾಗಿಯೂ ಧರಿಸಬೇಕೆಂದು ಕಲಿಸಿದ್ದಾನೆ. ಆ ಯುದ್ಧದಲ್ಲಿ ಬೇಕಾದದ್ದು ಊರೀಯನ ಗುಣಗಳೇ. ನಿಮ್ಮ ತಂದೆತಾತಂದಿರು ಹೊಸದಾಗಿ ಸಭೆಗೆ ಸೇರಿದವರೆಂದು ಯಾರಾದರೂ ಹಗುರವಾಗಿ ಮಾತಾಡಿದರೆ, ಹಿತ್ತಿಯನೆಂಬ ಹೆಸರು ದೇವರ ಪಟ್ಟಿಯಲ್ಲಿ ಅವಮಾನವಾಗಿ ಅಲ್ಲ, ಮಾನವಾಗಿ ನಿಂತಿದೆಯೆಂದು ನೆನಪುಮಾಡಿಕೊಳ್ಳಿರಿ. ನಿಮಗೆ ಒಪ್ಪಿಸಿದ ಕೆಲಸವು ಒಂದು ಕಾಳಿನ ಹೊಲದಷ್ಟು ಸಣ್ಣದಾದರೂ ಅದನ್ನು ಬಿಟ್ಟು ಓಡಬೇಡಿರಿ. ನೆರೆಯವರು ಕಷ್ಟದಲ್ಲಿ ಬಯಲಲ್ಲಿ ಮಲಗಿರುವಾಗ ನಾವು ಮಾತ್ರ ಬೆಚ್ಚಗೆ ಮಲಗಿ ಅವರನ್ನು ಮರೆಯಬಾರದು. ಯಾರೂ ನೋಡದ ರಾತ್ರಿಯಲ್ಲಿಯೂ, ದೊಡ್ಡವರು ಉಡುಗೊರೆ ಕೊಟ್ಟು ಪುಸಲಾಯಿಸುವಾಗಲೂ ಎರಡು ಮನಸ್ಸಿಲ್ಲದೆ ನಿಲ್ಲೋಣ.

ಹೀಗೆ ನಿಂತವರಿಗೆ ಈ ಲೋಕದಲ್ಲಿ ಒಳ್ಳೇದಾಗುವದೇ ನಿಶ್ಚಯವೆಂದು ನಾವು ಹೇಳಲಾರೆವು, ಊರೀಯನಿಗೆ ಆಗಲಿಲ್ಲ. ಆದರೆ ನಂಬಿಗಸ್ತನ ಹೆಸರು ದೇವರ ಗ್ರಂಥದಿಂದ ಅಳಿಸಿಹೋಗುವದಿಲ್ಲವೆಂಬದು ನಿಶ್ಚಯವು. ಆ ದಾವೀದನ ವಂಶದಲ್ಲಿಯೇ, ಆ ಬೇತ್ಲೆಹೇಮಿನಲ್ಲಿಯೇ, ಮತ್ತೊಬ್ಬ ಅರಸನು ಹುಟ್ಟಿದನು. ಆತನು ತನ್ನ ಸುಖಕ್ಕಾಗಿ ಆಳುಗಳ ರಕ್ತವನ್ನು ಚೆಲ್ಲಲಿಲ್ಲ. ಆಳುಗಳಿಗಾಗಿ ತನ್ನ ರಕ್ತವನ್ನೇ ಚೆಲ್ಲಿದನು. ಕಾದಾಟವು ಬಲವಾಗಿದ್ದ ಸ್ಥಳದಲ್ಲಿ ನಮ್ಮನ್ನು ನಿಲ್ಲಿಸಿ ಹಿಂದೆಗೆಯಲಿಲ್ಲ. ಎಲ್ಲರೂ ತನ್ನನ್ನು ಬಿಟ್ಟು ಹಿಂದೆಗೆದಾಗ ತಾನೊಬ್ಬನೇ ಊರ ಹೊರಗೆ ಶಿಲುಬೆಯ ಮೇಲೆ ನಿಂತನು. ಅಂಥ ಅರಸನ ಸೇವೆಯಲ್ಲಿ ಕಡೆಯವರಾಗಿ ಎಣಿಸಲ್ಪಡುವದೂ ನಮಗೆ ಮಹಾ ಭಾಗ್ಯವು.